ಮೊಮ್ಮಗಳ ಕೆನ್ನೆಗೆ ಹಚ್ಚಿದ ಲಿಂಬೆರಸ

ನನಗೆ ಆಗ ಅರವತ್ತೆಂಟು. ಆರು ವರ್ಷದ ಹಿಂದಿನ ಮಾತು. ಮೊಮ್ಮಗಳಿಗೆ ಹದಿನೆಂಟು ತುಂಬಿತ್ತು, ಹನ್ನೆರಡನೆಯ ಪರೀಕ್ಷೆ ಬರೆದು ಮುಗಿಸಿದ್ದಳು, ಮುಖದ ತುಂಬ ಮೊಡವೆ.

ತುಂಬ ಅಂದರೆ ತುಂಬ. ಹಣೆಯ ಮೇಲೆ ಸಾಬೂದಾಣಿ ಚೆಲ್ಲಿದಂತೆ ಸಣ್ಣವು, ಕೆನ್ನೆಯ ಮೇಲೆ ಕೆಂಪಗೆ ದೊಡ್ಡವು, ಗದ್ದದ ಮೇಲೆ ಒಂದು ಹೋದರೆ ಇನ್ನೊಂದು. "ಕಾಣೂದಿಲ್ಲ ಬಿಡು" ಎಂದು ಅವಳ ಅಪ್ಪ, ಅಂದರೆ ನನ್ನ ಮಗ, ಹೇಳುತ್ತಿದ್ದ. ಕಾಣುತ್ತಿತ್ತು. ಬಸ್ ಸ್ಟಾಪಿನಿಂದ ಕಾಣುತ್ತಿತ್ತು. ನಾನು ಸುಳ್ಳು ಹೇಳಿ ಸಮಾಧಾನ ಮಾಡುವವಳಲ್ಲ.

ನಾವಿರುವುದು ಪುಣೆಯ ನಿಗಡಿಯಲ್ಲಿ, ಒಂದು ಹಳೆಯ ಕಟ್ಟಡದ ಮೂರನೆಯ ಮಜಲಿನಲ್ಲಿ. ಮಗ ಕಾರ್ಖಾನೆಗೆ ಹೋಗುತ್ತಾನೆ, ಸೊಸೆ ಬಾಲವಾಡಿಯಲ್ಲಿ ಮಕ್ಕಳಿಗೆ ಕಲಿಸುತ್ತಾಳೆ. ನಾನು ವಿಜಯಪುರದ ಕಡೆಯಿಂದ ಮದುವೆಯಾಗಿ ಬಂದವಳು, ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಮನೆಮದ್ದಿಗೆ ಅಕ್ಷರ ಬೇಕಿಲ್ಲ ಎಂದು ತಿಳಿದಿದ್ದೆ. ಕೂಸಿನ ಹೊಟ್ಟೆನೋವಿಗೆ ಅಜವಾನ, ಕೆಮ್ಮಿಗೆ ಹಿಪ್ಪಲಿ, ಕಾಲು ಉಳುಕಿದರೆ ಅರಿಶಿನದ ಪಟ್ಟಿ. ಕಟ್ಟಡದ ಹೆಂಗಸರು "ಆಜಿ, ಕಾಹೀತರಿ ಸಾಂಗಾ" ಎಂದು, ಏನಾದರೂ ಹೇಳಿ ಎಂದು, ಬಾಗಿಲಿಗೆ ಬರುತ್ತಿದ್ದರು. ನಾನು ಹೇಳುತ್ತಿದ್ದೆ. ಅರ್ಧ ಬೇನೆ ಮದ್ದಿನಿಂದ ಹೋಗುತ್ತಿತ್ತು, ಇನ್ನರ್ಧ ತನ್ನಷ್ಟಕ್ಕೆ ತಾನೇ ಹೋಗುತ್ತಿತ್ತು. ಹೆಸರು ಎರಡಕ್ಕೂ ನನಗೇ ಬರುತ್ತಿತ್ತು.

ಆ ವರ್ಷ ಅವಳಿಗೆ ಹೊಟೇಲ್ ಮ್ಯಾನೇಜ್‌ಮೆಂಟ್ ಕಲಿಯಬೇಕೆಂಬ ಹಟ. ಊರಿನ ಆ ತುದಿಗೆ, ಖರಾಡಿ ಕಡೆ, ಒಂದು ಕಾಲೇಜು. ಮೇ ತಿಂಗಳ ಒಂದು ಶನಿವಾರ ಅಲ್ಲಿ ಇಂಟರ್‌ವ್ಯೂ.

"ಹೊಟೇಲಿನಾಗ ಇಡ್ಲಿ ಹಂಚಾಕ ಇಂಟರ್‌ವ್ಯೂ ಯಾಕ?" ಎಂದು ಕೇಳಿದೆ.

"ಇಡ್ಲಿ ಅಲ್ಲ ಅಜ್ಜಿ. ಫ್ರಂಟ್ ಆಫೀಸ್. ಬಂದವ್ರನ್ನ ನಕ್ಕೊಂತ ಮಾತಾಡಸೂದು. ಮಾರಿ ನೋಡೇ ಸೀಟ್ ಕೊಡ್ತಾರಂತ."

"ಯಾರಂದ್ರು?"

"ಎಲ್ಲಾರೂ ಅಂತಾರ. ನನ್ನ ಮಾರಿ ನೋಡಿದ್ರ ಗಿರಾಕಿ ಬ್ಯಾಗ ಸೈತ ಬಿಟ್ಟು ಓಡ್ತಾರ."

ನಗುತ್ತಲೇ ಹೇಳಿದಳು. ಆದರೆ ಆ ವಾರ ಗೆಳತಿಯ ಹುಟ್ಟುಹಬ್ಬಕ್ಕೆ ಹೋಗಲಿಲ್ಲ, ಫೋಟೋ ತೆಗೆಸಿಕೊಳ್ಳಬೇಕಾಗುತ್ತದೆ ಎಂದು. ಕಾಲೇಜಿನ ಅರ್ಜಿಗೆ ಅಂಟಿಸಿದ್ದು ಎರಡು ವರ್ಷದ ಹಿಂದಿನ ಫೋಟೋ. ಇಂಟರ್‌ವ್ಯೂದಲ್ಲಿ ಅದನ್ನೂ ಇವಳನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಏನು ಗತಿ ಎಂಬುದೇ ಅವಳ ಚಿಂತೆ.

ಸೊಸೆ ಚರ್ಮದ ಡಾಕ್ಟರ ಹತ್ತಿರ ಹೋಗೋಣ ಎಂದಳು. ನಾನು ಬೇಡ ಎಂದೆ.

"ಮೊಡವಿಗೆ ಡಾಕ್ಟರ ಯಾಕ? ವಯಸ್ಸಿಗೆ ಬಂದ ಹುಡುಗಿ. ಬರ್ತಾವ, ಹೋಗ್ತಾವ."

"ಅತ್ತೆವ್ರ, ಎರಡ ವರ್ಷ ಬರೂದು ನೋಡಾಕತ್ತೀನ್ರಿ. ಹೋಗೂದು ಒಂದ ದಿನಾನೂ ನೋಡಿಲ್ಲ."

"ನಾ ಅದೀನಲ್ಲ."

ಮೊಮ್ಮಗಳು ನನ್ನ ಕಡೆಗೇ ವಾಲಿದಳು. "ಅಜ್ಜಿನ ನೋಡ್ಲಿ, ಮಮ್ಮಿ. ಡಾಕ್ಟರ ಸುಮ್ನ ಗುಳಗಿ ಕೊಡ್ತಾರ." ನಾಲ್ಕು ವರ್ಷದವಳಿದ್ದಾಗಿನಿಂದ ನನ್ನ ಮಗ್ಗುಲಲ್ಲಿ ಮಲಗಿದ ಹುಡುಗಿ. ತಾಯಿಯ ಎದುರು ನನ್ನನ್ನು ಆರಿಸಿಕೊಂಡಳಲ್ಲ ಎಂದು ನನಗೆ ಒಳಗೊಳಗೇ ಹಿಗ್ಗು. ಮುಂದಿನದೆಲ್ಲ ಆದದ್ದು ಆ ಹಿಗ್ಗಿನಿಂದ. ಮದ್ದಿನ ಬಗ್ಗೆ ನನಗೆ ಏನೂ ತಿಳಿದಿರಲಿಲ್ಲ, ಅವಳ ಬಗ್ಗೆ ಮಾತ್ರ ಭಾಳ ತಿಳಿದಿತ್ತು.

ಮೊದಲು ಬೇವಿನ ಎಲೆ. ನೀರಿನ ಟಾಕಿಯ ಹತ್ತಿರದ ಗಿಡದಿಂದ ಕಿತ್ತು ಅರೆದು ಹಚ್ಚಿದೆ. ಏನೂ ಆಗಲಿಲ್ಲ. ಆಮೇಲೆ ಮಸೂರ ಬೇಳೆಯನ್ನು ತರಿತರಿಯಾಗಿ ಬೀಸಿ ಹಾಲಿನಲ್ಲಿ ಕಲಸಿ ಗಸಗಸ ತಿಕ್ಕಿದೆ. ಹೊಲಸು ಹೋದರೆ ಮೊಡವೆ ಹೋಗುತ್ತವೆ ಎಂಬುದು ನನ್ನ ಲೆಕ್ಕ. ತಿಕ್ಕಿದ ಕಡೆ ನಾಲ್ಕು ಮೊಡವೆ ಒಡೆದವು, ವಾರದಲ್ಲಿ ಅವುಗಳ ಜಾಗದಲ್ಲಿ ಏಳು ಎದ್ದವು. ಆಮೇಲೆ ಅರಿಶಿನ. ಎರಡು ದಿನ ಹುಡುಗಿ ಹಳದಿಯಾಗಿ ತಿರುಗಾಡಿದಳು. ತಲೆದಿಂಬಿನ ಚೀಲವೂ ಹಳದಿ. ಕೆಳಗಿನ ಮಜಲಿನ ಮರಾಠಿ ಹೆಂಗಸು, ಎಲ್ಲರೂ ಕಾಕು ಅಂದರೆ ಚಿಕ್ಕಮ್ಮ ಎಂದು ಕರೆಯುವವಳು, ಮೆಟ್ಟಿಲಲ್ಲಿ ಇವಳನ್ನು ತಡೆದು, "ಹಳದ್ ಲಾಗಲೀ, ಲಗ್ನ ಕಧೀ?" ಎಂದು ಕೇಳಿದಳು. ಅರಿಶಿನ ಹಚ್ಚಿಯಾಯಿತು, ಮದುವೆ ಯಾವಾಗ ಎಂದು. ಹುಡುಗಿ ಮೇಲೆ ಬಂದು ನನಗೆ ಹೇಳಿದಳು: "ಅಜ್ಜಿ, ನಿನ್ನ ಕ್ಲಿನಿಕ್ ಬಂದ್ ಮಾಡು."

ಬಂದ್ ಮಾಡಲಿಲ್ಲ. ನಡುವೆ ಅವಳೇ ಫೋನಿನಲ್ಲಿ ನೋಡಿ ಹಲ್ಲಿನ ಪೇಸ್ಟ್ ಹಚ್ಚಿಕೊಂಡು ಮಲಗಿದಳು, ಬೆಳಗಾಗುವುದರಲ್ಲಿ ಅಲ್ಲೆಲ್ಲ ಸಿಪ್ಪೆ ಎದ್ದಿತ್ತು. ನಾನು ಪೇಸ್ಟಿಗೆ ಬೈದೆ. ಬೈದು, ಗದ್ದದ ದೊಡ್ಡದೊಂದು ಮೊಡವೆಗೆ ಬೆಳ್ಳುಳ್ಳಿ ಹೆಚ್ಚಿ ತಿಕ್ಕಿದೆ. ಅದು ಸುಟ್ಟು ಕಪ್ಪು ಹೊಪ್ಪಳೆ ಕಟ್ಟಿತು. ಬುದ್ಧಿ ಇದ್ದವರು ಅಲ್ಲಿಗೆ ನಿಲ್ಲಿಸುತ್ತಿದ್ದರು.

ಇಂಟರ್‌ವ್ಯೂ ಇನ್ನೂ ಆರು ದಿನ ದೂರವಿತ್ತು. ಅಂದು ಭಾನುವಾರ, ಗಚ್ಚಿಯ, ಅಂದರೆ ತಾರಸಿಯ, ಮೇಲೆ ಕುರಡಿಗೆ ಹಾಕುವ ದಿನ. ಮೂರು ದಿನ ನೆನೆಸಿದ ಗೋಧಿಯನ್ನು ರುಬ್ಬಿ, ಅದರ ಹಾಲು ತೆಗೆದು, ಗಂಜಿಯ ಹಾಗೆ ಬೇಯಿಸಿ, ಅಚ್ಚಿನಲ್ಲಿ ಒತ್ತಿ ಒಣಗಿಸುವ ಸಂಡಿಗೆ ಅದು. ನಾನೂ ಕೆಳಗಿನ ಕಾಕುವೂ ಇಪ್ಪತ್ತು ವರ್ಷದಿಂದ ಜೊತೆಯಲ್ಲೇ ಹಾಕುತ್ತೇವೆ. ನಾನು ಬೇಯಿಸುತ್ತೇನೆ, ಅವಳು ಒತ್ತುತ್ತಾಳೆ. ಮೊಮ್ಮಗಳ ಕೆಲಸ ಬಿಸಿ ಹಿಟ್ಟನ್ನು ಸಕ್ಕರೆ ಹಾಕಿಕೊಂಡು ತಿನ್ನುವುದು, ಆಮೇಲೆ ಪಾರಿವಾಳ ಕಾಯುವುದು. ನಮ್ಮ ಕಟ್ಟಡದಲ್ಲಿ ಕಾಗೆಗಿಂತ ಪಾರಿವಾಳದ ಕಾಟ ಹೆಚ್ಚು.

ಕೆಲಸ ಮುಗಿದ ಮೇಲೆ ಪಾತ್ರೆ ಬೆಳಗಲು ಕೂತೆ. ಹಿತ್ತಾಳೆಯ ದೊಡ್ಡ ಪಾತ್ರೆಗೆ ಲಿಂಬೆಹೋಳು ತಿಕ್ಕಿ ತೊಳೆದು ಬಿಸಿಲಿಗೆ ಬೋರಲು ಹಾಕಿದೆ. ಫಳಫಳ ಹೊಳೆಯಿತು. ಅದನ್ನು ನೋಡಿದೆ, ಹುಡುಗಿಯ ಮುಖ ನೋಡಿದೆ. ಹಿತ್ತಾಳೆಯ ಕಲೆ ತೆಗೆಯುವ ಲಿಂಬೆ ಮುಖದ ಕಲೆ ಯಾಕೆ ತೆಗೆಯಬಾರದು? ಇಷ್ಟೇ ನನ್ನ ವಿಚಾರ. ಇದಕ್ಕಿಂತ ಆಳವಾಗಿ ನಾನು ಯೋಚನೆ ಮಾಡಲಿಲ್ಲ.

"ಬಾ ಇಲ್ಲೆ," ಎಂದೆ. ಅರ್ಧ ಲಿಂಬೆಹಣ್ಣನ್ನು ಅಂಗೈಗೆ ಹಿಂಡಿಕೊಂಡು, ಮೂರು ಬೆರಳು ಅದ್ದಿ, ಮೂಗಿನ ಬದಿಯಿಂದ ಕಿವಿಯವರೆಗೆ ಎಳೆದೆ. ಈ ಕೆನ್ನೆಗೊಂದು ಸಲ, ಆ ಕೆನ್ನೆಗೊಂದು ಸಲ.

"ತೊಳ್ಕೊಬ್ಯಾಡ. ಅಲ್ಲೇ ಬಿಸಲಾಗ ಕುಂತು ಕುರಡಿಗಿ ಕಾಯಿ. ರಸಾನ ಬಿಸಲು ಒಳಗ ಎಳೀಲಿ."

"ತಲಿ ಮ್ಯಾಲೆ ಓಢಣಿ ಹಾಕ್ಕೊಳ್ಳೇನು?"

"ಹಾಕ್ಕೊಂಡ್ರ ಬಿಸಲು ಹೆಂಗ ಬೀಳ್ತದ?"

ಕಾಕು ಮಾತ್ರ ಒಂದು ಸಲ ನನ್ನ ಮುಖ ನೋಡಿದಳು. ಅಷ್ಟು ಬಿಸಿಲಿಗೆ ಕೂರಿಸಬೇಡ ಎಂದಳು. ನೀನು ಅಚ್ಚು ತೊಳೆ ಎಂದೆ.

ಒಂಬತ್ತೂವರೆಯಿಂದ ಹನ್ನೆರಡರ ತನಕ ಹುಡುಗಿ ಕೂತಳು. ಮೇ ತಿಂಗಳ ಪುಣೆಯ ಬಿಸಿಲು. ನಡುವೆ ಎರಡು ಸಲ ಮೆಟ್ಟಿಲ ಬಾಗಿಲಿಗೆ ಬಂದು, ಕೆಳಗೆ ಮನೆಗಿಳಿದಿದ್ದ ನನ್ನನ್ನು ಕೂಗಿದಳು.

"ಅಜ್ಜಿ, ಉರೀತದ."

"ಉರೀಲಿ. ಉರದ್ರ ಮದ್ದು ಕೆಲಸ ಮಾಡಾಕತ್ತದ ಅಂತ ತಿಳಿ."

ಆ ಮಾತು ಆಡಿದವಳು ನಾನೇ. ಬೇರೆ ಯಾರ ತಲೆಗೂ ಕಟ್ಟುವ ಹಾಗಿಲ್ಲ.

ಸೋಮವಾರ ಕೆನ್ನೆ ಕೆಂಪಾಯಿತು. ಬಿಸಿಲು ಬಡಿದಿದೆ ಎಂದು ತಾಯಿಗೆ ಹೇಳಿದಳು, ನಾನೂ ಹೂಂ ಎಂದೆ. ಮಂಗಳವಾರ ಸಣ್ಣ ಸಣ್ಣ ನೀರುಗುಳ್ಳೆ ಎದ್ದವು, ಅನ್ನ ಅಗಿಯುವಾಗಲೂ ನೋವು. ಗೆಳತಿಯ ಕ್ರೀಮ್ ಹಚ್ಚಿಕೊಂಡಿದ್ದೆ, ಅದು ಆಗಿಬರಲಿಲ್ಲ ಎಂದು ತಾಯಿಗೆ ಇನ್ನೊಂದು ಸುಳ್ಳು ಹೇಳಿದಳು. ಅದಕ್ಕೂ ನಾನು ಹೂಂ ಎಂದೆ. ಕುಂಡದಲ್ಲಿದ್ದ ಲೋಳಸರ ಸೀಳಿ ಅದರ ಲೋಳೆ ಹಚ್ಚಿದೆ, ತಂಪಾಗಲಿ ಎಂದು. ಅದೂ ಉರಿಯಿತು. "ಎರಡ ದಿನದಾಗ ಇಳೀತದ," ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿತು. ಬುಧವಾರ ಅವಳು ಕೋಣೆಯಿಂದ ಹೊರಗೆ ಬರಲಿಲ್ಲ.

ಗುರುವಾರ ಕೆಂಪು ಇಳಿದು ಕಂದು ಬಣ್ಣ ಬಂತು. ಬಣ್ಣ ಬಂದ ಮೇಲೆ ಆಕಾರ ಕಂಡಿತು. ಒಂದೊಂದು ಕೆನ್ನೆಯ ಮೇಲೆ ಮೂರು ಮೂರು ಗೆರೆ, ಮೂಗಿನಿಂದ ಕಿವಿಯ ಕಡೆಗೆ, ಕೊನೆಯಲ್ಲಿ ತೆಳ್ಳಗೆ.

ಸೊಸೆ ಕೆಲಸದಿಂದ ಬಂದವಳು ಮಗಳ ಗದ್ದ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಬಲಗೈ ಎತ್ತಿ, ಮೂರು ಬೆರಳನ್ನು ಕೆನ್ನೆಯ ಹತ್ತಿರ, ತಾಗದ ಹಾಗೆ, ಹಿಡಿದಳು. ಸರಿಯಾಗಿ ಕೂತವು.

"ಅತ್ತೆವ್ರ, ಇದು ಕ್ರೀಮ್ ಅಲ್ರಿ. ನಿಮ್ಮ ಕೈ ಅದ."

ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಒಂದೆರಡು ಮಾತು ಆಡುತ್ತಿದ್ದೆ, ಹಗುರಾಗುತ್ತಿದ್ದೆ. ಅವಳು ನನ್ನ ಕೈಯನ್ನು ಮೆಲ್ಲಗೆ ಕೆಳಗೆ ಬಿಟ್ಟು, ಡಾಕ್ಟರಿಗೆ ಫೋನ್ ಹಚ್ಚಿದಳು. ಶುಕ್ರವಾರ ಸಂಜೆ ಬರಲು ಹೇಳಿದರು. ಶನಿವಾರ ಇಂಟರ್‌ವ್ಯೂ.

ಮೂವರೂ ಹೋದೆವು. ಡಾಕ್ಟರು ಹೆಣ್ಣುಮಗಳು, ನನ್ನ ಸೊಸೆಯ ವಯಸ್ಸಿನವಳು. ದೀಪ ಹಿಡಿದು ಕೆನ್ನೆ ನೋಡಿ, "ಹೇ ಕೋಣೀ ಲಾವಲಂ?" ಎಂದಳು. ಇದನ್ನು ಹಚ್ಚಿದವರು ಯಾರು?

"ನಾನೇ," ಎಂದಳು ಮೊಮ್ಮಗಳು ಮರಾಠಿಯಲ್ಲಿ. ತಡಮಾಡದೆ ಹೇಳಿದಳು. ಬೆಳೆಸಿದ್ದಕ್ಕೆ ಸಾರ್ಥಕವಾಯಿತು ಎಂದು ಬೇರೆ ಯಾರಾದರೂ ಕಣ್ಣೀರು ಹಾಕುತ್ತಿದ್ದರೇನೋ. ನನಗೆ ಸಿಟ್ಟು ಬಂತು. ನನ್ನ ತಪ್ಪನ್ನು ಹೊರಲು ಇವಳು ಯಾರು?

ಡಾಕ್ಟರು ಅವಳ ಕೈ ನೋಡಿದಳು, ಗೆರೆ ನೋಡಿದಳು. ನಿನ್ನ ಬೆರಳು ಇಷ್ಟು ಸಣ್ಣ, ಗೆರೆ ಇಷ್ಟು ದಪ್ಪ, ಇದು ಹೇಗೆ ಎಂದಳು.

"ಮೀಚ್," ಎಂದೆ. ನಾನೇ. ಲಿಂಬೆ, ಬಿಸಿಲು, ಕುರಡಿಗೆ, ಹಿತ್ತಾಳೆ ಪಾತ್ರೆ, ಬೆಳ್ಳುಳ್ಳಿ, ಮಸೂರ ಬೇಳೆ, ಎಲ್ಲ ಹೇಳಿದೆ. ಪೇಸ್ಟಿನದು ಮಾತ್ರ ಅವಳದು ಎಂದೂ ಹೇಳಿದೆ, ಲೆಕ್ಕ ತಪ್ಪಬಾರದಲ್ಲ. ಹಿತ್ತಾಳೆ ಪಾತ್ರೆಯ ಮಾತಿಗೆ ಡಾಕ್ಟರು ನಗು ತಡೆದುಕೊಂಡಳು. ಆಮೇಲೆ ಬೈದಳು. ಮಗುವಿಗೆ ಬೈದ ಹಾಗೆ, ಬಿಡಿಸಿ ಬಿಡಿಸಿ.

ಲಿಂಬೆಯ ರಸ ಮೈಮೇಲಿದ್ದಾಗ ಬಿಸಿಲು ಬಿದ್ದರೆ ಚರ್ಮ ಸುಡುತ್ತದಂತೆ. ಕಾದ ಸೌಟು ತಾಗಿದರೆ ಆಗುತ್ತದಲ್ಲ, ಹಾಗೆ. ಕಲೆ ಹೋಗಲು ತಿಂಗಳುಗಟ್ಟಲೆ ಬೇಕು, ಬಿಸಿಲಿಗೆ ಹೋದರೆ ಇನ್ನೂ ಕಪ್ಪಾಗುತ್ತದೆ. ಬೆಳ್ಳುಳ್ಳಿ, ಪೇಸ್ಟ್, ಅಡಿಗೆ ಸೋಡಾ, ಇವೂ ಸುಡುತ್ತವೆ. ಬೇಳೆಯಿಂದ ತಿಕ್ಕಿದರೆ ಮೊಡವೆ ಒಡೆದು ಕೀವು ಹರಡುತ್ತದೆ, ಗುಂಡಿ ಉಳಿಯುತ್ತದೆ. ಮೊಡವೆ ಹೊಲಸಿನಿಂದ ಬರುವುದಲ್ಲ. ಈ ವಯಸ್ಸಿನಲ್ಲಿ ಚರ್ಮದ ಒಳಗೇ ಜಿಡ್ಡು ಹೆಚ್ಚಾಗಿ, ರಂಧ್ರ ಮುಚ್ಚಿ ಬರುವುದು. ಅದಕ್ಕೆ ಮುಲಾಮು ಇದೆ, ಆದರೆ ಮೊದಲು ಈ ಸುಟ್ಟದ್ದು ಮಾಯಬೇಕು. ಮುಲಾಮು ಹಚ್ಚಿದ ಮೇಲೂ ಗುಣ ಕಾಣಲು ಎರಡು ಮೂರು ತಿಂಗಳು ತಾಳಬೇಕು.

"ಹಣೆಯ ಮೇಲಿನವು?" ಎಂದು ಸೊಸೆ ಕೇಳಿದಳು.

ತಲೆಗೆ ಎಣ್ಣೆ ಯಾರು ಹಚ್ಚುತ್ತಾರೆ ಎಂದಳು ಡಾಕ್ಟರು. ಇಬ್ಬರೂ ನನ್ನ ಕಡೆ ತಿರುಗಿದರು. ಅದೂ ನಾನೇ. ವಾರಕ್ಕೆರಡು ಸಲ, ಹಣೆಗೆ ಇಳಿಯುವಷ್ಟು. ಆ ಎಣ್ಣೆಯೇ ಹಣೆಯ ರಂಧ್ರ ಮುಚ್ಚುತ್ತಿದೆ, ಕಡಿಮೆ ಹಚ್ಚಿ, ಹಣೆಗೆ ತಾಗಿಸಬೇಡಿ ಎಂದಳು. ಲಿಂಬೆಗೆ ಬೈಸಿಕೊಂಡಾಗ ನನಗೆ ಅಷ್ಟು ನೋವಾಗಲಿಲ್ಲ. ಎಣ್ಣೆಗೆ ಆಯಿತು.

ಹೊರಡುವಾಗ ಸೊಸೆ ಕೇಳಿದಳು, ನಾಳೆ ಇಂಟರ್‌ವ್ಯೂ ಇದೆ, ಪೌಡರು ಮೇಕಪ್ಪು ಏನಾದರೂ ಹಚ್ಚಿ ಮುಚ್ಚಬಹುದೇ ಎಂದು. ಹಸಿಗಾಯದ ಮೇಲೆ ಏನೂ ಹಚ್ಚಬೇಡಿ ಎಂದು ಡಾಕ್ಟರು ಖಡಾಖಂಡಿತ ಹೇಳಿದಳು.

ಮುಂದೆ ಏನಾಯಿತೆಂದು ಈಗಲೇ ಹೇಳಿಬಿಡುತ್ತೇನೆ. ಸೀಟು ಸಿಕ್ಕಿತು. ಕಂದು ಗೆರೆಗಳು ಹೋಗಲು ದಸರೆ ಬಂತು. ಡಾಕ್ಟರ ಮುಲಾಮಿನಿಂದ ಮೊಡವೆ ಮೆಲ್ಲಗೆ ಇಳಿದವು, ಪೂರ್ತಿ ಹೋಗಲು ವರ್ಷ ಹಿಡಿಯಿತು. ಬೇಳೆ ತಿಕ್ಕಿದ ಕಡೆ ಎರಡು ಸಣ್ಣ ಗುಂಡಿ ಉಳಿದಿವೆ, ಬಲಗೆನ್ನೆಯ ಮೇಲೆ. ಈಗ ಅವಳು ಒಂದು ದೊಡ್ಡ ಹೊಟೇಲಿನಲ್ಲಿ ಬಂದವರನ್ನು ನಕ್ಕು ಮಾತಾಡಿಸುತ್ತಾಳೆ, ಗಿರಾಕಿ ಯಾರೂ ಓಡಿಹೋದ ಸುದ್ದಿ ಇಲ್ಲ.

ಆದರೆ ಆ ಸಂಜೆ ನಮಗೆ ಇದ್ಯಾವುದೂ ಗೊತ್ತಿರಲಿಲ್ಲ. ಮನೆಗೆ ಬಂದವಳೇ ಚಪ್ಪಲಿ ಬಿಟ್ಟು, "ನಾ ನಾಳೆ ಹೋಗೂದಿಲ್ಲ," ಎಂದಳು.

"ಒಂದ ವರ್ಷ ಹಾಳಾಗ್ತದ," ಎಂದಳು ತಾಯಿ.

"ಆಗ್ಲಿ. ಈ ಮಾರಿ ತಗೊಂಡು ಅಲ್ಲಿ ಕುಂದ್ರೂದಿಲ್ಲ. ಎಲ್ಲಾರೂ ಕೇಳ್ತಾರ. ಏನ ಹೇಳ್ಲಿ?"

ಸೊಸೆ ನನ್ನ ಕಡೆ ನೋಡಲಿಲ್ಲ, ಒಳಗೆ ಹೋದಳು. ಹುಡುಗಿ ಗೋಡೆಗೆ ಒರಗಿ ಕೂತಿದ್ದಳು. ನಾನೂ ಹತ್ತಿರ ಕೂತೆ. ತಪ್ಪಾಯಿತು ಎಂದು ನಾನು ಗಂಡನಿಗೂ ಹೇಳಿದವಳಲ್ಲ, ಮಗನಿಗೂ ಹೇಳಿದವಳಲ್ಲ. ರೂಢಿ ಇಲ್ಲದ ಮಾತು, ಬಾಯಲ್ಲಿ ನೆಟ್ಟಗೆ ಬರಲಿಲ್ಲ.

"ತಪ್ಪ ಅದ ನಂದು," ಎಂದೆ.

"ನೀ ಬೇಕಂತ ಮಾಡಿಲ್ಲ ಬಿಡು ಅಜ್ಜಿ."

"ಬೇಕಂತ ಮಾಡಿಲ್ಲ. ಆದ್ರ ಮಾಡೀನಿ. ನಾ ಮಾಡಿದ್ದಕ್ಕ ನೀ ಯಾಕ ಮಾರಿ ಮುಚ್ಕೊಂಡು ಕುಂದರ್ತಿ?"

"ನಿನಗೇನ ಆಗ್ತದ ಹೇಳಾಕ. ನಿನ್ನ ಮಾರಿ ಯಾರ ನೋಡ್ತಾರ?"

ಸರಿಯಾಗಿಯೇ ಹೇಳಿದಳು. ಯಾರೂ ನೋಡುವುದಿಲ್ಲ.

"ಅದಕ್ಕ ನಾನೂ ಬರ್ತೀನಿ," ಎಂದೆ. "ಕೇಳಿದವ್ರಿಗೆಲ್ಲ ನಾ ಹೇಳ್ತೀನಿ. ನೀ ಆ ಮಾಸ್ತರ ಕೇಳಿದ್ದಕ್ಕಷ್ಟ ಉತ್ತರ ಕೊಡು."

"ನೀ ಬಂದು ಏನ ಹೇಳ್ತೀ?"

"ಇದ್ದದ್ದು."

ಹುಡುಗಿ ಎದ್ದು ಚಪ್ಪಲಿಯನ್ನು ಮೂಲೆಗೆ ಸರಿಸಿಟ್ಟಳು. ಆಮೇಲೆ, "ಆ ಹಸರ ಸೀರಿ ಉಡಬ್ಯಾಡ. ಅದು ಭಾಳ ಹಳೇದ ಆಗೇದ," ಎಂದಳು. ನಾಳೆ ಹೊರಡುತ್ತಾಳೆ ಎಂದು ತಿಳಿಯಿತು.

ಮರುದಿನ ಬೆಳಿಗ್ಗೆ ಏಳಕ್ಕೆ ಹೊರಟೆವು. ನಾನು ಊದಾ ಸೀರೆ ಉಟ್ಟೆ. ಬಿಸಿಲು ತಾಗಬಾರದೆಂದು ಮನೆಯ ದೊಡ್ಡ ಕಪ್ಪು ಕೊಡೆ ಹಿಡಿದೆ. ಬಸ್ ಸ್ಟಾಪಿನಲ್ಲಿ ಮೋಡವಿಲ್ಲದ ಆಕಾಶದ ಕೆಳಗೆ ಮೊಮ್ಮಗಳ ತಲೆಯ ಮೇಲೆ ಕೊಡೆ ಹಿಡಿದು ನಿಂತ ಮುದುಕಿಯನ್ನು ಜನ ನೋಡಿದರು. ಅಷ್ಟು ಹೊತ್ತು ಅವಳನ್ನು ಯಾರೂ ನೋಡಲಿಲ್ಲ. ಬಸ್ಸಿನಲ್ಲೂ ಅವಳನ್ನು ಒಳಬದಿಯ ನೆರಳಿಗೆ ಕೂರಿಸಿ, ಕಿಟಕಿಯ ಕಡೆಗೆ ನಾನು ಕೂತೆ. ಎರಡು ಬಸ್ ಬದಲಿಸಿ ಕಾಲೇಜು ಮುಟ್ಟಿದೆವು.

ಒಳಗೆ ತಣ್ಣನೆಯ ಒಂದು ದೊಡ್ಡ ಕೋಣೆ. ಗೋಡೆಗುಂಟ ಕುರ್ಚಿ. ಹುಡುಗಿಯರೆಲ್ಲ ತುಟಿಗೆ ಬಣ್ಣ, ಇಸ್ತ್ರಿ ಮಾಡಿದ ಬಟ್ಟೆ, ಪಕ್ಕದಲ್ಲಿ ತಾಯಂದಿರು. ಇವಳು ಕೂತ ಕೂಡಲೇ ಕೂದಲನ್ನು ಕೆನ್ನೆಯ ಮೇಲೆ ಇಳಿಬಿಟ್ಟುಕೊಂಡಳು.

ಎದುರಿನ ತಾಯಿಯೊಬ್ಬಳು ಐದು ನಿಮಿಷ ತಡೆದಳು. ಆಮೇಲೆ, "ತೋಂಡಾಲಾ ಕಾಯ್ ಝಾಲಂ ಗ?" ಎಂದಳು. ಮುಖಕ್ಕೇನಾಯಿತೇ?

ಹುಡುಗಿ ತಲೆ ತಗ್ಗಿಸಿದಳು. ನಾನು ಉತ್ತರ ಕೊಟ್ಟೆ, ನನ್ನ ಮರಾಠಿಯಲ್ಲಿ, ಇಡೀ ಸಾಲಿಗೆ ಕೇಳುವ ಹಾಗೆ. ನಾನು ಇವಳ ಅಜ್ಜಿ. ಮೊಡವೆ ಹೋಗಲಿ ಎಂದು ಲಿಂಬೆರಸ ಹಚ್ಚಿ ಬಿಸಿಲಿಗೆ ಕೂರಿಸಿದೆ, ಸುಟ್ಟಿತು. ಇವು ನನ್ನ ಬೆರಳು, ನೋಡಿ. ನೀವು ಯಾರೂ ಹಚ್ಚಬೇಡಿ.

ಆ ತಾಯಿ ತನ್ನ ಮಗಳ ಕಡೆ ನೋಡಿದಳು. "ನಾನು ಸೋಡಾ ಹಚ್ಚಿದ್ದೆ," ಎಂದಳು ಮೆಲ್ಲಗೆ. ಅವಳ ಮಗಳು ಪೌಡರು ಒರೆಸಿ ಗದ್ದದ ಕಲೆ ತೋರಿಸಿದಳು. ಮೂರನೆಯ ಕುರ್ಚಿಯವಳು ಬಟಾಟೆ ಎಂದಳು. ಅದರಾಚೆಯವಳು, ನಮ್ಮ ಅತ್ತೆ ಹಿಂಗು ಎಂದಳು. ಹಿಂಗು ಎಂದಾಗ ಸಾಲಿಗೆ ಸಾಲೇ ನಕ್ಕಿತು.

"ಅಜ್ಜಿ, ಸಾಕ. ಇಲ್ಲೂ ಕ್ಲಿನಿಕ್ ತೆಗೀಬ್ಯಾಡ," ಎಂದಳು ಮೊಮ್ಮಗಳು. ನಗುತ್ತಿದ್ದಳು. ಕೆನ್ನೆ ನೋಯುತ್ತಿತ್ತು, ಅದಕ್ಕೆ ಅಂಗೈ ಒತ್ತಿ ಹಿಡಿದು ನಗುತ್ತಿದ್ದಳು.

ಅಷ್ಟರಲ್ಲಿ ಒಳಗಿನಿಂದ ಅವಳ ಹೆಸರು ಕರೆದರು. ಎದ್ದಳು. ಕೂದಲನ್ನು ಎರಡೂ ಕೈಯಿಂದ ಹಿಂದಕ್ಕೆ ತೆಗೆದು ಗಂಟು ಹಾಕಿಕೊಂಡಳು. ಒಂದು ಎಳೆ ಹೊರಗುಳಿದಿತ್ತು. ನಾನು ಅದನ್ನು ಕಿವಿಯ ಹಿಂದೆ ಸಿಕ್ಕಿಸಿ, ಬೆನ್ನಿಗೆ ಒಂದು ತಟ್ಟು ಕೊಟ್ಟು, ಒಳಗೆ ನೂಕಿದೆ.